ದೊಡ್ಡಾಕಿ ನಿಲ್ಲುವ ಜಾಗ

ನಾನು ಹುಟ್ಟಿದ್ದು ಮಾನ್ವಿ ಕಡೆಯ ಕುರ್ಡಿಯಲ್ಲಿ. ನೀರೆಂದರೆ ನನಗೆ ಬಾವಿಯ ನೀರು, ಮೀನೆಂದರೆ ಸಂತೆಯ ಒಣಮೀನು. ಅಂಥವಳನ್ನು ತಂದು ದೇವದುರ್ಗ ಕಡೆಯ ಗೂಗಲ್ ಅನ್ನುವ ಊರಿನ ಹೊಳೆದಂಡೆಯ ಮನೆಗೆ ಕೊಟ್ಟರು. ಹಿತ್ತಲ ಬಾಗಿಲು ತೆಗೆದರೆ ಕಲ್ಲಿನ ಮೆಟ್ಟಿಲು, ಮೆಟ್ಟಿಲಿಳಿದರೆ ಕೃಷ್ಣೆ. ಮೊದಲ ವರ್ಷವೆಲ್ಲ ನಾನು ಆ ಬಾಗಿಲಿಗೆ ಬೆನ್ನು ಹಾಕಿಯೇ ಕೂರುತ್ತಿದ್ದೆ.

ನಮ್ಮ ಮಾವ ಮೀನು ಹಿಡಿಯುವವರು. ಹೊಳೆಯ ಬಾಳೆಮೀನೆಂದರೆ ಅವರಿಗೆ ಪ್ರಾಣ. ಉದ್ದನೆಯ ಮೈ, ಅಗಲ ಬಾಯಿ, ಬಾಯಿಯ ಎರಡೂ ಕಡೆ ನೀಳವಾದ ಮೀಸೆ. ಅದರ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಹೆಸರು ಹಿಡಿದರೆ ಅದಕ್ಕೆ ಕೇಳಿಸಿ ಜಾಗ ಬಿಡುತ್ತದಂತೆ. ‘ದೊಡ್ಡಾಕಿ’ ಅನ್ನಬೇಕು. ಹರಿಗೋಲು ಹೊತ್ತು ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ಇನ್ನೊಂದು ಕಟ್ಟಳೆಯಂತೂ ನನಗೆ ಬಹಳ ಸಿಟ್ಟು ತರಿಸುತ್ತಿತ್ತು. ಸೊಸೆ ಮಾವನ ಜೊತೆ ನೇರವಾಗಿ ಮಾತಾಡಬಾರದು. ಹೇಳುವುದೇನಿದ್ದರೂ ಪಡಸಾಲೆಯ ಕಂಬಕ್ಕೆ ಹೇಳಬೇಕು, ಅವರೂ ಕಂಬಕ್ಕೇ ಉತ್ತರ ಕೊಡಬೇಕು. ಊಟಕ್ಕೆ ಬಾ ಅಂತ ಕಂಬವನ್ನು ಕರೆದು ಕರೆದು ನನಗೆ ಸಾಕಾಗಿ ಹೋಗಿತ್ತು.

ಅದು ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಆ ಬೇಸಿಗೆಯಲ್ಲಿ ನನ್ನ ನಾದಿನಿ ಬಸುರಿಯಾಗಿ ಗಂಡನ ಮನೆಯಿಂದ ತವರಿಗೆ ಬಂದಳು. ಹಿಂದೆ ಒಂದು ಸಲ ಹೊಟ್ಟೆಯಲ್ಲೇ ಕೂಸು ಹೋಗಿತ್ತು. ಈ ಸಲ ಏನು ತಿಂದರೂ ನಿಲ್ಲುತ್ತಿರಲಿಲ್ಲ. ನುಚ್ಚು ಮಜ್ಜಿಗೆ ಕೊಟ್ಟರೆ ವಾಂತಿ, ರೊಟ್ಟಿ ಮುರಿದರೆ ವಾಂತಿ. ಕೈಬಳೆ ಮೊಣಕೈವರೆಗೆ ಸರಿಯುವಷ್ಟು ಸೊರಗಿದ್ದಳು. ದೇವದುರ್ಗದ ಹಕೀಮರು ಕಷಾಯ ಕೊಟ್ಟು, ಹೊಟ್ಟೆಗೆ ಅನ್ನ ಹೋಗದಿದ್ದರೆ ಕೂಸೂ ಉಳಿಯುವುದು ಕಷ್ಟ, ತಾಯಿಯೂ ಕಷ್ಟ ಅಂತ ನನ್ನ ಗಂಡನಿಗೆ ಮುಖದ ಮೇಲೇ ಹೇಳಿ ಕಳಿಸಿದ್ದರು.

“ಏನು ಬೇಕು ಹೇಳವ್ವಾ, ಏನಾದ್ರೂ ಬಾಯಿಗೆ ರುಚಿ ಅನಸ್ತದೇನು?” ಅಂತ ಅತ್ತೆ ದಿನಾ ಕೇಳುತ್ತಿದ್ದರು. ಒಂದು ದಿನ ಅವಳು ಗೋಡೆಯ ಕಡೆ ಮುಖ ಮಾಡಿಕೊಂಡು, “ಅಪ್ಪ ಹಿಡಿದ ಬಾಳಿಮೀನಿನ ಸಾರು ಬೇಕು ಅನಸ್ತದ” ಅಂದುಬಿಟ್ಟಳು. ಹೆಸರು ಹಿಡಿದೇ ಹೇಳಿದ್ದಳು, ಆದರೂ ಮಾವ ಬಯ್ಯಲಿಲ್ಲ. ಎದ್ದು ಹೋಗಿ ಗಾಳ ಹುಡುಕತೊಡಗಿದರು.

ದೊಡ್ಡಾಕಿಯನ್ನು ತಡೆಯುವಂಥ ಗಾಳವೇ ಇರಲಿಲ್ಲ. ಯುದ್ಧದ ದೆಸೆಯಿಂದ ರಾಯಚೂರಿನ ಅಂಗಡಿಗಳಲ್ಲೂ ಒಳ್ಳೆಯ ಉಕ್ಕಿನ ಗಾಳ ಸಿಗುತ್ತಿರಲಿಲ್ಲ. ಮಾವ ಹರಿದ ಕೊಡೆಯ ಕಡ್ಡಿ ಕಿತ್ತು, ಕಮ್ಮಾರನ ಹತ್ತಿರ ಬಗ್ಗಿಸಿಕೊಂಡು ಬಂದರು. ಆಮೇಲೆ ಶುರುವಾಯಿತು ಜಾಗದ ಹುಡುಕಾಟ. ಹೊಳೆ ಬತ್ತಿ ನೀರು ತಿಳಿಯಾಗಿತ್ತು. ತಿಳಿನೀರಿನಲ್ಲಿ ದೊಡ್ಡಾಕಿ ನಾಚುತ್ತಾಳೆ, ಆಳದ ಮಡುವಿನಲ್ಲಿ ಬಂಡೆಯ ನೆರಳು ಹಿಡಿದು ಮಲಗುತ್ತಾಳೆ ಅನ್ನುವುದು ಅವರ ಲೆಕ್ಕ. ಮಡುವಿಗೆ ಹೋಗಿ ಮೊಣಕೈವರೆಗೆ ಕೈ ಇಳಿಸಿ ಕೆಳಗೆ ತಂಪಿದೆಯೇ ಅಂತ ನೋಡುವರು. ಹರಿಯುವ ನೀರು ನಿಂತ ನೀರಿಗೆ ಸೇರುವ ಅಂಚನ್ನು ನೋಡುವರು, ನೀರುಕಾಗೆ ಯಾವ ಕಲ್ಲಿನ ಮೇಲೆ ಕೂತಿದೆ ಅಂತ ನೋಡುವರು. ಗಾಳಿ ಬಿದ್ದಿರಬೇಕು, ಸ್ವಲ್ಪ ಮೋಡ ಇರಬೇಕು, ಹೊತ್ತು ಹುಟ್ಟುವ ಮುಂಚೆಯೇ ಗಾಳ ನೀರಿನಲ್ಲಿರಬೇಕು. ನಮ್ಮ ಮೆಟ್ಟಿಲ ಹಾಗೆ ಹೆಂಗಸರು ಬಟ್ಟೆ ಒಗೆಯುವ ಕಡೆ ಮಾತ್ರ ಸುಳಿಯುವ ಹಾಗಿಲ್ಲ. ಆ ಸದ್ದಿಗೆ ದೊಡ್ಡಾಕಿ ಹರದಾರಿ ದೂರ ಹೋಗುತ್ತಾಳಂತೆ.

ಇಷ್ಟೆಲ್ಲ ನೋಡಿ, ತೂಗಿ, ಅಪ್ಪ ಮಗ ಹರಿಗೋಲಿನಲ್ಲಿ ದಿನವೂ ದೂರದ ಮಡುಗಳಿಗೆ ಹೋಗಿ ಬರಿಗೈಲಿ ಬರುತ್ತಿದ್ದರು. ಮಾವ ಅಂಗಳದಲ್ಲೇ ಕಾಲು ತೊಳೆದು, ಮಗಳ ಕೋಣೆಯ ಮುಂದೆ ಹಾಯದೆ, ಗೋಡೆ ಸುತ್ತಿ ಹಿತ್ತಲಿಂದ ಒಳಗೆ ಬರುವರು.

ನನ್ನ ಕೆಲಸ ಬೇರೆ ಇತ್ತು. ಬಸುರಿ ಬಿಟ್ಟ ಅನ್ನವನ್ನು ನಾಯಿಗೆ ಹಾಕಬಾರದು, ಎಮ್ಮೆಗೆ ಇಡಬಾರದು, ಹೊಳೆಯವ್ವನ ಮಡಿಲಿಗೇ ಹಾಕಬೇಕು ಅನ್ನುವುದು ಅತ್ತೆಯ ಪದ್ಧತಿ. ಮಧ್ಯಾಹ್ನ ನಾದಿನಿ ಒಂದು ತುತ್ತು ಮುಟ್ಟಿ ಸರಿಸಿದ ತಾಟನ್ನು ತೆಗೆದುಕೊಂಡು ಹೋಗಿ, ನಮ್ಮ ಮೆಟ್ಟಿಲ ಪಕ್ಕದ ಕರಿಬಂಡೆಯ ಹಿಂದೆ ಸುರಿದು ಬರುತ್ತಿದ್ದೆ. ಸುರಿದ ಕೂಡಲೇ ಸಣ್ಣ ಮೀನು ಮುತ್ತುತ್ತಿದ್ದವು. ದಿನ ಹೋದಂತೆ ಅವು ನನ್ನ ಹೆಜ್ಜೆ ಸಪ್ಪಳಕ್ಕೇ ಬರತೊಡಗಿದವು. ನಾದಿನಿ ಉಣ್ಣದ ಊಟ ಇವುಗಳ ಮೈಗೆ ಹತ್ತುತ್ತಿದೆ ಅಂತ ನನಗೆ ಅವುಗಳ ಮೇಲೂ ಸಿಟ್ಟು ಬರುತ್ತಿತ್ತು.

ಒಂದು ಮಧ್ಯಾಹ್ನ ಹಾಗೆ ಸುರಿದು ನಿಂತಿದ್ದೆ. ಇದ್ದಕ್ಕಿದ್ದಂತೆ ಆ ಸಣ್ಣ ಮೀನುಗಳೆಲ್ಲ ಹಂಚಿನ ಮೇಲಿನ ಜೋಳದ ಅರಳಿನ ಹಾಗೆ ನೀರಿನಿಂದ ಮೇಲಕ್ಕೆ ಸಿಡಿದವು. ಅವುಗಳ ಹಿಂದೆ ಒಂದು ಅಗಲವಾದ ಬಾಯಿ ತೆರೆದು ಮುಚ್ಚಿತು. ನಾನು ತಾಟು ಬಿಸಾಕಿ ಓಡಿದೆ. ಪಡಸಾಲೆಯಲ್ಲಿ ಮಾವ ಕೂತಿದ್ದರು. ನಾನು ಕಂಬ ಹಿಡಿದುಕೊಂಡು ಏದುಸಿರು ಬಿಡುತ್ತಾ ಅಂದೆ:

“ಕಂಬಾ, ನಮ್ಮ ಮೆಟ್ಟಿಲ ಹತ್ರ ಮೊಸಳಿ ಅದ!”

ಮಾವ ತಲೆಯೆತ್ತಿದರು. “ಕಂಬಾ, ಆಕಿನ್ನ ಕೇಳು. ಮೊಸಳಿಗೆ ಮೀಸಿ ಇದ್ದವೇನು?”

ಯೋಚಿಸಿದೆ. “ಇದ್ದವು, ಕಂಬಾ. ಉದ್ದ ಇದ್ದವು.”

ಮಾವ ನಗಲಿಲ್ಲ. ಕೊಡೆಕಡ್ಡಿಯ ಗಾಳ ಎತ್ತಿಕೊಂಡರು. ಅವರಿಗೆ ಅರ್ಥವಾಗಿತ್ತು. ಅನ್ನಕ್ಕೆ ಸಣ್ಣ ಮೀನು ಬಂದಿದ್ದವು, ಸಣ್ಣ ಮೀನಿಗೆ ದೊಡ್ಡಾಕಿ ಬಂದಿದ್ದಳು. ಬಟ್ಟೆ ಒಗೆಯುವ ಸದ್ದಿನ ನಡುವೆ, ಸುಡುವ ಬಿಸಿಲಿನಲ್ಲಿ, ಮನೆಯ ಮೆಟ್ಟಿಲಿಗೇ.

ಆ ದಿನ ಅದು ಮತ್ತೆ ಕಾಣಲಿಲ್ಲ. ಮರುದಿನ ನನ್ನ ಗಂಡ ಕಷಾಯ ತರಲು ದೇವದುರ್ಗಕ್ಕೆ ಹೋಗಿದ್ದ. ಅತ್ತೆ ಮಗಳ ಪಕ್ಕ ಬಿಟ್ಟು ಏಳುವಂತಿರಲಿಲ್ಲ. ಮಾವ ಕಂಬಕ್ಕೆ ಹೇಳಿದರು: “ದಿನಾ ಬರೋ ಹೊತ್ತಿಗೇ ಬರಲಿ. ದಿನಾ ಹಾಕೋ ಹಾಂಗ ಹಾಕಲಿ. ಸುಮ್ಮನ ನಿಲ್ಲಲಿ.” ಜೀವಂತ ಸಣ್ಣ ಮೀನೊಂದನ್ನು ಗಾಳಕ್ಕೆ ಸಿಕ್ಕಿಸಿ, ಹಗ್ಗವನ್ನು ಕೈಗೆ ಸುತ್ತಿಕೊಂಡು ಬಂಡೆಯ ಮೇಲೆ ಕೂತರು. ನಾನು ತಾಟಿನ ಅನ್ನ ಸುರಿದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೀರು ಒಡೆಯಿತು. ಹಗ್ಗ ಬಿಗಿದ ರಭಸಕ್ಕೆ ಮಾವ ಪಾಚಿಯ ಮೇಲೆ ಜಾರಿ ಸೊಂಟದವರೆಗೆ ಹೊಳೆಗೆ ಇಳಿದರು. ಸುತ್ತಿದ ಹಗ್ಗ ಮಣಿಕಟ್ಟಿನಲ್ಲಿ ಕಚ್ಚಿಕೊಂಡಿತ್ತು. ಮುಂದೆ ಆಳ. ಅಲ್ಲಿ ಕಂಬ ಇರಲಿಲ್ಲ. ನಾನು ಹಾರಿ ಅವರ ಧೋತರದ ಕಚ್ಚೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದೆ:

“ಮಾಮಾ, ಬಿಡಬ್ಯಾಡ್ರಿ! ನಾ ಹಿಡದೀನಿ, ನೀವು ಬಿಡಬ್ಯಾಡ್ರಿ!”

“ನೀನೂ ಬಿಡಬ್ಯಾಡ ಯವ್ವಾ!” ಅಂದರು ಮಾವ. “ಹಿಂದಕ್ಕ ಜಗ್ಗು! ಜೋರ್ಲೆ ಜಗ್ಗು!”

ಹೊಳೆಯೆಂದರೆ ಬೆನ್ನು ಹಾಕುತ್ತಿದ್ದ ನಾನು ಆವತ್ತು ಸೊಂಟಮಟ್ಟ ನೀರಿನಲ್ಲಿ ನಿಂತು ಮಾವನನ್ನು ಜಗ್ಗಿದೆ, ಮಾವ ದೊಡ್ಡಾಕಿಯನ್ನು ಜಗ್ಗಿದರು. ಮೂವರೂ ಮೆಟ್ಟಿಲ ಮೇಲೆ ಬಿದ್ದೆವು. ಅವರ ಮಣಿಕಟ್ಟು ಸುಲಿದು ರಕ್ತ ಬರುತ್ತಿತ್ತು. ಅದನ್ನು ನೋಡಿಕೊಳ್ಳದೆ, “ಇನ್ನ ಜೀವ ಅದ, ಹುಷಾರ್, ಕಚ್ಚತದ” ಅಂತ ನನ್ನ ಕಾಲನ್ನು ಈಚೆ ಸರಿಸಿದರು.

ಅತ್ತೆ ಹುಣಸೆಹುಳಿ ಹಿಂಡಿ, ಬೆಳ್ಳುಳ್ಳಿ ಜಜ್ಜಿ ಹಾಕಿ ತೆಳ್ಳಗೆ ಸಾರು ಮಾಡಿದರು. ನಾದಿನಿಯ ಮುಂದೆ ತಾಟು ಇಟ್ಟು ನಾವಿಬ್ಬರೂ ಎದುರಿಗೆ ಕೂತೆವು. ಅತ್ತೆಯ ಕೈಯಲ್ಲಿ ವಾಂತಿಯ ಬೋಗುಣಿ ಸಿದ್ಧವಾಗಿತ್ತು. ಅವಳು ಒಂದು ತುತ್ತು ನುಂಗಿದಳು. ಇನ್ನೊಂದು. “ಹಿಂಗ ನನ್ನ ಬಾಯಿ ನೋಡಕೋತ ಕುಂತರ ಹ್ಯಾಂಗ ಉಣ್ಲಿ?” ಅಂತ ರೇಗಿದಳು. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಸಿಟ್ಟು ಕೇಳಿ ನನಗೆ ಅಳು ಬಂತು, ಅಷ್ಟು ಸಂತೋಷವಾಗಿತ್ತು. ತಾಟಿನಲ್ಲಿದ್ದುದನ್ನು ತಿಂದು, ಸಾರು ಹತ್ತಿದ ಕೈಯಲ್ಲೇ ಗೋಡೆಗೆ ಒರಗಿ ನಿದ್ದೆಹೋದಳು. ಕೈ ತೊಳೆಸಲೂ ಅತ್ತೆ ಎಬ್ಬಿಸಗೊಡಲಿಲ್ಲ.

ಸಂಜೆಯವರೆಗೆ ಮನೆಯಲ್ಲಿ ಯಾರೂ ದನಿಯೆತ್ತಲಿಲ್ಲ. ಮಾವ ಬಾಗಿಲ ಹೊರಗೆ ಕೂತು ಕಾಗೆ ಓಡಿಸುತ್ತಿದ್ದರು. ದೇವದುರ್ಗದಿಂದ ಹಸಿದು ಬಂದ ನನ್ನ ಗಂಡನೂ ಬರೀ ರೊಟ್ಟಿ, ಉಳ್ಳಾಗಡ್ಡಿ ತಿಂದು ಎದ್ದ. ಸಾರಿನ ಗಡಿಗೆಯ ಮುಚ್ಚಳ ಯಾರೂ ತೆಗೆಯಲಿಲ್ಲ. ತೆಗೆಯಬೇಡಿ ಅಂತ ಯಾರೂ ಯಾರಿಗೂ ಹೇಳಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ನಾದಿನಿಯ ದನಿ ಬಂತು. “ಅತ್ತಿಗೀ, ಸಾರು ಏನಾರ ಉಳದದೇನು?”

ನಾನು ಬಾಯಿ ತೆರೆಯುವ ಮುಂಚೆಯೇ ಹೊರಗಿನಿಂದ ಮಾವ ಕೂಗಿದರು: “ಅದ ಯವ್ವಾ, ಎಲ್ಲಾ ಅದ. ಯಾರೂ ಮುಟ್ಟಿಲ್ಲ.”