ಹಾಲಮ್ಮನ ಬಾರ್ಲಿ ನೀರು

ಹೆಣ್ಣುಮಕ್ಕಳು ಉಚ್ಚೆ ಹೊಯ್ಯುವಾಗ ಪಕ್ಕದಲ್ಲಿ ನಿಂತುಕೊಳ್ಳೋದಕ್ಕೂ ಸಂಬಳ ಕೊಡುತ್ತಾರೆ ಅಂತ ಹಾಲಮ್ಮನಿಗೆ ಐವತ್ತೆರಡು ವರ್ಷ ತುಂಬುವವರೆಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಮನೆಗೆ ಬಂದು ಗಂಡ ಬೀರಪ್ಪನಿಗೆ ಹೇಳಿದರೆ, ಉಣ್ಣುತ್ತಾ ಕೂತಿದ್ದ ಆತನಿಗೆ ನಕ್ಕು ನಕ್ಕು ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತು. "ಥೂ, ಅದೂ ಒಂದು ಕೆಲಸವೇನೆ ಮಾರಾಯ್ತಿ! ಯಾರ ಹತ್ರನೂ ಬಾಯಿ ಬಿಡಬೇಡ" ಅಂದ. ಆದರೆ ಹಾಲಮ್ಮ ಬಾಯಿ ಬಿಡದೆ ಇರುವ ಪೈಕಿ ಅಲ್ಲವಲ್ಲ! ಎರಡೇ ದಿನದಲ್ಲಿ ಭದ್ರಾವತಿಯ ಹೊಸಮನೆ ಬೀದಿಗೆಲ್ಲ ಸುದ್ದಿ ಮುಟ್ಟಿತು. ಮೂರು ಹೆತ್ತು, ಕೇರಿಯ ಹತ್ತಾರು ಬಾಣಂತನ ಮಾಡಿದವಳಿಗೆ ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಕಾಣಲಿಲ್ಲ.

ಅಲ್ಲಿಗೆ ಹದಿನಾರು ವರ್ಷದಿಂದ ಅವಳು ಶಿವಮೊಗ್ಗದ ಒಂದು ಖಾಸಗಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಆಯಾ. ಕಾಂಟ್ರಾಕ್ಟ್ ಕೆಲಸ. ದಿನಾ ಬೆಳಿಗ್ಗೆ ಆರೂವರೆ ಬಸ್ಸು, ಕಿಟಕಿ ಪಕ್ಕದ ಸೀಟು, ಸೀಟಿಗಾಗಿ ಒಂದು ಸಣ್ಣ ಜಗಳ. ಹೆರಿಗೆ ವಾರ್ಡಿನಲ್ಲಿ ಅವಳಿಲ್ಲದೆ ನಡೆಯೋದಿಲ್ಲ ಅನ್ನೋ ಹೆಸರಿತ್ತು. ಆ ಹೆಸರು ಅವಳೇ ಹಬ್ಬಿಸಿದ್ದು ಅಂತ ನರ್ಸುಗಳು ಮೂಗು ಮುರಿಯುತ್ತಿದ್ದರೂ ಅದು ಸುಳ್ಳೇನಾಗಿರಲಿಲ್ಲ.

ಹೊಸ ಕೆಲಸ ಬಂದದ್ದು ಹೀಗೆ. ಹಾಸ್ಟೆಲಿನ ಕಸದ ಬುಟ್ಟಿಯಲ್ಲಿ ಖಾಲಿ ಮಾತ್ರೆ ಹಾಳೆಗಳು ಸಿಕ್ಕವು. ಒಂದೆರಡಲ್ಲ, ಒಂದು ಹಿಡಿ. ಡಾಕ್ಟರ ಚೀಟಿ ಇಲ್ಲದೆ ಯಾರೂ ಮುಟ್ಟಬಾರದ ಮಾತ್ರೆ ಅದು. ನುಂಗಿದರೆ ನಿದ್ದೆ ಹತ್ತಿರ ಸುಳಿಯೋದಿಲ್ಲ, ಪುಸ್ತಕದಿಂದ ಕಣ್ಣು ಕೀಳೋದಿಲ್ಲ, ಎರಡು ದಿನದ ಓದು ಒಂದು ದಿನಕ್ಕೆ ಮುಗಿಯುತ್ತದೆ. ನಾಳೆ ನಮ್ಮ ನಿಮ್ಮ ನಾಡಿ ಹಿಡಿಯುವ ಮಕ್ಕಳೇ ಹೀಗೆ ಕದ್ದು ಮಾತ್ರೆ ನುಂಗಿದರೆ ಹೇಗೆ ಅಂತ ಕಾಲೇಜಿನವರು ತಲೆ ಕೆಡಿಸಿಕೊಂಡರು, ಕಮಿಟಿ ಮಾಡಿದರು, ಎಲ್ಲರಿಗೂ ಮೂತ್ರ ಪರೀಕ್ಷೆ ಅಂದರು. ಒಳಗೆ ಹೋದವರು ಬೇರೆಯವರ ಮೂತ್ರ ತಂದು ಸುರಿಯಬಾರದಲ್ಲ, ಅದಕ್ಕೆ ಜೊತೆಗೊಬ್ಬರು ಬೇಕು. ಗಂಡುಹುಡುಗರಿಗೆ ಲ್ಯಾಬಿನ ಕರಿಯಣ್ಣ, ಹೆಣ್ಣುಮಕ್ಕಳಿಗೆ ಹಾಲಮ್ಮ.

ಮೊದಲ ದಿನವೇ ತಾಪತ್ರಯ ಶುರುವಾಯಿತು. ಪಕ್ಕದಲ್ಲಿ ಒಬ್ಬಳು ನಿಂತಿದ್ದರೆ ಯಾರಿಗೆ ತಾನೇ ಬಂದೀತು? ಹುಡುಗಿಯರು ಡಬ್ಬಿ ಹಿಡಿದುಕೊಂಡು ಕೂತಿದ್ದೇ ಕೂತಿದ್ದು. ಒಬ್ಬಳಂತೂ ಅತ್ತೇಬಿಟ್ಟಳು. ಹಾಲಮ್ಮ ಗೋಡೆ ಕಡೆ ಮುಖ ತಿರುಗಿಸಿ ನಿಂತಳು, ನಲ್ಲಿ ಬಿಟ್ಟಳು, ತನ್ನ ಮೊದಲ ಬಾಣಂತನದ ಕಥೆ ಹೇಳಿದಳು. ಊಹೂಂ. ಮಾರನೇ ದಿನ ಅವಳು ಬಂದದ್ದು ಮೂರು ಲೀಟರಿನ ಫ್ಲಾಸ್ಕಿನ ಜೊತೆ. ಬಾರ್ಲಿ ಬೇಯಿಸಿ, ಸೋಸಿ, ಚಿಟಿಕೆ ಉಪ್ಪು ಹಾಕಿ, ನಿಂಬೆಹಣ್ಣು ಹಿಂಡಿದ ನೀರು. ಬೇಸಿಗೆಯಲ್ಲಿ ಉರಿಮೂತ್ರ ಅಂತ ಬಂದವರಿಗೆ ಅವಳ ಅವ್ವ ಕೊಡುತ್ತಿದ್ದದ್ದು ಅದನ್ನೇ. "ಕುಡೀರಿ ಡಾಕ್ಟ್ರಮ್ಮ, ಒಂದು ಲೋಟ ಹೊಟ್ಟೆಗಿಳಿದರೆ ಅರ್ಧ ಗಂಟೆಗೆ ಕಾಲುವೆ ಬಿಟ್ಟಂಗೆ ಬರುತ್ತೆ" ಅಂದಳು. ಹುಡುಗಿಯರು ಬಿದ್ದು ಬಿದ್ದು ನಕ್ಕರು, ಕುಡಿದರು, ಕೆಲಸ ಸಲೀಸಾಯಿತು.

ಪರೀಕ್ಷೆಗೆ ಮೊದಲು ಯಾರಿಗೂ ಏನೂ ಕುಡಿಸಬಾರದು ಅಂತ ಬಾಗಿಲ ಪಕ್ಕದಲ್ಲೇ ನೋಟೀಸು ಅಂಟಿಸಿದ್ದರು, ಇಂಗ್ಲಿಷಿನಲ್ಲಿ. ಹಾಲಮ್ಮ ಅದರ ಮೇಲಿನ ಧೂಳನ್ನು ದಿನಾ ಒರೆಸುತ್ತಿದ್ದಳು. ಅದನ್ನು ಅವಳಿಗೆ ಓದಿ ಹೇಳಬೇಕು ಅಂತ ಯಾವ ಪುಣ್ಯಾತ್ಮನಿಗೂ ಹೊಳೆಯಲಿಲ್ಲ.

ಒಂದು ಲೋಟ ಕುಡಿದವರಿಗೆ ಏನೂ ತೊಂದರೆ ಆಗಲಿಲ್ಲ. ಸಿಕ್ಕಿಬಿದ್ದವಳು ಕವನ.

ಕವನ ಹೊನ್ನಾಳಿ ಕಡೆಯ ಹುಡುಗಿ, ಮೇಷ್ಟರ ಮಗಳು, ಮೂರನೇ ವರ್ಷದಲ್ಲಿ ಓದುತ್ತಿದ್ದವಳು. ಹೆರಿಗೆ ವಾರ್ಡಿಗೆ ಕಲಿಯಲು ಬಂದಾಗ "ಹಾಲಮ್ಮಕ್ಕ, ಊಟ ಆಯ್ತಾ?" ಅಂತ ಕೇಳಿಯೇ ಮುಂದೆ ಹೋಗುತ್ತಿದ್ದಳು. ಹಾಗೆ ಕೇಳುವವರು ಆ ಆಸ್ಪತ್ರೆಯಲ್ಲಿ ಎಷ್ಟು ಜನ ಇದ್ದರು ಹೇಳಿ! ಅವಳ ಸರದಿ ಬಂದ ದಿನ ಹಾಲಮ್ಮ ಒಂದು ಲೋಟ ಕೊಟ್ಟಳು. ಕವನ ಗಟಗಟ ಕುಡಿದು "ಇನ್ನೊಂದು ಕೊಡಿ ಅಕ್ಕ" ಅಂದಳು. ಆಮೇಲೆ ಇನ್ನೊಂದು. ಒಟ್ಟು ಐದು ಲೋಟ. ಹುಡುಗಿಯ ತುಟಿ ಒಣಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಪಾಪ, ಓದಿನ ಗಡಿಬಿಡಿಯಲ್ಲಿ ಹೊಟ್ಟೆಗೆ ಸರಿಯಾಗಿ ತಿಂದಿಲ್ಲ ಅಂದುಕೊಂಡು ಹಾಲಮ್ಮ ಸಂತೋಷವಾಗಿಯೇ ಬಗ್ಗಿಸಿದಳು.

ಮಾರನೇ ದಿನ ಕರಿಯಣ್ಣ ವಾರ್ಡಿನ ಬಾಗಿಲಿಗೆ ಬಂದು ದನಿ ತಗ್ಗಿಸಿ ಹೇಳಿದ. "ಏನ್ ಹಾಲಮ್ಮ, ಆ ಹೊನ್ನಾಳಿ ಹುಡುಗಿದು ಬರೀ ನೀರು ಕಣೆ. ಮೂತ್ರ ಅಂತ ಹೇಳೋ ಹಂಗೇ ಇಲ್ಲ. ಮಾತ್ರೆ ತಗೊಂಡಿರೋದು ಗೊತ್ತಾಗಬಾರದು ಅಂತ ಬೇಕಂತಲೇ ನೀರು ಕುಡಿದು ತೊಳೆದಾಕಿದ್ದಾಳೆ ಅಂತಿದ್ದಾರೆ. ಕಮಿಟಿ ಕರೆದಿದೆ. ಆರು ತಿಂಗಳು ಹೊರಗೆ ಹಾಕ್ತಾರಂತೆ, ವರ್ಷದ ಪರೀಕ್ಷೆನೂ ಬರೆಯೋ ಹಾಗಿಲ್ಲವಂತೆ."

"ಅಯ್ಯೋ ನನ್ನ ಶಿವನೇ! ಕುಡಿಸಿದವಳು ನಾನು ಕಣೋ!" ಅಂತ ಹಾಲಮ್ಮ ಕೈಯಲ್ಲಿದ್ದ ಬೆಡ್‌ಶೀಟನ್ನು ಅಲ್ಲೇ ಹಾಕಿ ಓಡಿದಳು.

ಕಮಿಟಿಯ ಹಿರಿಯರು ಡಾಕ್ಟರ್ ಲಕ್ಷ್ಮೀಕಾಂತ. ಒಳ್ಳೆಯ ಮನುಷ್ಯ, ಆದರೆ ನಗೋದು ಅಪರೂಪ. ಅವರ ಕೋಣೆಯಲ್ಲಿ ಕವನ ಬಿಳಿ ಕೋಟಿನ ತುದಿ ಮುದುರಿಕೊಳ್ಳುತ್ತ ನಿಂತಿದ್ದಳು. ಹಾಲಮ್ಮ ಕರೆಯದೆಯೇ ಒಳಗೆ ನುಗ್ಗಿ, ಬಾರ್ಲಿ, ಫ್ಲಾಸ್ಕು, ಉರಿಮೂತ್ರ, ಅವ್ವ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು.

"ಅಲ್ಲಮ್ಮಾ, ಉಳಿದವರಿಗೂ ಕೊಟ್ಟಿದ್ದೀಯ ಸರಿ. ಅವರದ್ದೆಲ್ಲ ಸರಿಯಾಗಿ ಬಂದಿದೆ. ಇವಳದ್ದು ಮಾತ್ರ ಯಾಕೆ ಹೀಗೆ? ಎಷ್ಟು ಕೊಟ್ಟೆ?"

"ಐದು ಲೋಟ ಸಾರ್."

"ಅವಳು ಕೇಳಿದಳೋ, ನೀನೇ ಕೊಟ್ಟೆಯೋ?"

ಅಲ್ಲಿ ಒಂದು ಗಳಿಗೆ ಹಾಲಮ್ಮ ತಡವರಿಸಿದಳು. ಹುಡುಗಿಯ ಕಡೆ ನೋಡಿದಳು. ಹುಡುಗಿ ನೆಲ ನೋಡುತ್ತಿದ್ದಳು. ಊಟ ಆಯ್ತಾ ಅಂತ ಕೇಳುವ ಮಗು. ಹಾಲಮ್ಮ ಅಂದಳು, "ನಾನೇ ಸಾರ್. ಬೇಡ ಬೇಡ ಅಂದರೂ ಬಲವಂತ ಮಾಡಿ ಕುಡಿಸಿದೆ."

ಕೋಣೆಯಲ್ಲಿದ್ದ ಕಮಿಟಿಯವರು ಮುಖ ಮುಖ ನೋಡಿಕೊಂಡರು. ಲಕ್ಷ್ಮೀಕಾಂತರು ತೀರ್ಮಾನ ಹೇಳಿದರು. ನಾಳೆ ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಪರೀಕ್ಷೆ, ಒಂದು ಹನಿಯೂ ಕುಡಿಸುವಂತಿಲ್ಲ. "ನಿನ್ನ ಮಾತಿನ ಮೇಲೆ ಈ ಅವಕಾಶ ಕೊಡ್ತಿದ್ದೀವಿ ಹಾಲಮ್ಮ. ನೀನು ಹೇಳಿದ್ದು ಸುಳ್ಳು ಅಂತಾದರೆ ಇಲ್ಲಿ ನಿನಗೆ ಕೆಲಸ ಇರಲ್ಲ, ತಿಳ್ಕೋ." ಆಮೇಲೆ ಕವನಳ ಕಡೆ ತಿರುಗಿ, "ಏನಾದರೂ ಇದ್ದರೆ ಪರೀಕ್ಷೆಗೆ ಮೊದಲೇ ಬಂದು ಹೇಳಮ್ಮ. ತಾವೇ ಬಂದು ಹೇಳಿದವರನ್ನ ಹೊರಗೆ ಹಾಕಲ್ಲ, ಚಿಕಿತ್ಸೆ ಕೊಡ್ತೀವಿ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಮಾತ್ರ ನಾನೇನೂ ಮಾಡೋಕಾಗಲ್ಲ" ಅಂದರು. ಕವನ "ಇಲ್ಲ ಸಾರ್" ಅಂದಳು. ದನಿ ಹೊರಗೆ ಬಂತೋ ಇಲ್ಲವೋ.

ಸಂಜೆ ಬಸ್ಸಿನಲ್ಲಿ ಹಾಲಮ್ಮ ರಾಣಿಯ ಹಾಗೆ ಕೂತಿದ್ದಳು. ಒಂದು ಹೆಣ್ಣುಮಗುವಿನ ಮೆಡಿಕಲ್ ಸೀಟು ಉಳಿಸಿದೆ ಅನ್ನೋ ಬಿಗುಮಾನ, ಕೇಳಬೇಕೇ! ಮನೆಗೆ ಬಂದವಳೇ ಬೀರಪ್ಪನಿಗೆ ಎಲ್ಲ ಹೇಳಿದಳು. ಆತ ಬೀಡಿ ಆರಿಸಿ, ಯೋಚನೆ ಮಾಡಿ ಕೇಳಿದ. "ಆ ಹುಡುಗಿ ಮಾತ್ರೆ ತಗೊಂಡಿಲ್ಲ ಅಂತ ನಿನಗೆ ಹೆಂಗೆ ಗೊತ್ತು?"

"ಮುಖ ನೋಡಿದರೆ ಗೊತ್ತಾಗಲ್ವಾ?"

"ನನ್ನ ಮುಖ ಮೂವತ್ತು ವರ್ಷದಿಂದ ನೋಡ್ತಿದ್ದೀಯ. ಬೀಡಿ ಬಿಟ್ಟಿದ್ದೀನಿ ಅಂತ ಹೋದ ತಿಂಗಳವರೆಗೂ ನಂಬಿದ್ದೆಯಲ್ಲೇ!"

ಹಾಲಮ್ಮ ಅವನನ್ನು ಚೆನ್ನಾಗಿ ಬೈದು ಒಳಗೆ ಹೋದಳು. ಆದರೆ ಒಲೆ ಮುಂದೆ ಕೂತಾಗ ಒಂದು ಮಾತು ಕೊರೆಯಲು ಶುರುವಾಯಿತು. ಬಾಯಾರಿದವರು ಎರಡು ಲೋಟ ಕುಡಿಯುತ್ತಾರೆ, ಹೆಚ್ಚೆಂದರೆ ಮೂರು. ಐದನೇ ಲೋಟ ಕುಡಿಯುವಾಗ ಆ ಹುಡುಗಿಗೆ ವಾಕರಿಕೆ ಬರುತ್ತಿತ್ತು. ಆದರೂ ಕುಡಿದಳಲ್ಲ, ಯಾಕೆ?

ಬೆಳಿಗ್ಗೆ ಎಂಟಕ್ಕೆ ಇನ್ನೂ ಅರ್ಧ ಗಂಟೆ ಇದ್ದಾಗಲೇ ಕವನ ಬಂದು ನಿಂತಿದ್ದಳು. ಇಬ್ಬರೂ ಒಳಗೆ ಹೋದರು. ಹಾಲಮ್ಮ ಬಾಗಿಲ ಚಿಲಕ ಹಾಕಿದಳು. ಕವನ ಡಬ್ಬಿಯನ್ನು ಮುಟ್ಟಲಿಲ್ಲ.

"ಅಕ್ಕ, ಬಾರ್ಲಿ ನೀರು ತಂದಿದ್ದೀರಾ?"

ತಂದಿದ್ದಳು. ಬೇರೆ ಹುಡುಗಿಯರಿಗೂ ಇನ್ನು ಕೊಡುವ ಹಾಗಿರಲಿಲ್ಲ, ಆದರೂ ಬೆಳಗಾಗೆದ್ದು ಕೈ ತನ್ನಷ್ಟಕ್ಕೆ ತಾನೇ ಕಾಯಿಸಿ ತುಂಬಿತ್ತು. "ಯಾಕವ್ವಾ?" ಅಂದಳು. ಕೇಳುವಾಗಲೇ ಅವಳಿಗೆ ಉತ್ತರ ಗೊತ್ತಾಗಿತ್ತು.

ಕವನ ಗೋಡೆಗೆ ಒರಗಿಕೊಂಡು ಹೇಳಿದಳು. ಅವಳ ತಮ್ಮ ಆನಂದನಿಗೆ ಒಂದು ಕಡೆ ಕೂರಲು ಆಗೋದಿಲ್ಲ, ಪಾಠಕ್ಕೆ ಮನಸ್ಸು ನಿಲ್ಲೋದಿಲ್ಲ. ಡಾಕ್ಟರು ಅವನಿಗೆ ಅಂತ ಬರೆದುಕೊಟ್ಟ ಮಾತ್ರೆ ಅದು. ದೀಪಾವಳಿಗೆ ಊರಿಗೆ ಹೋದಾಗ ಒಂದು ಹಾಳೆ ಎತ್ತಿಕೊಂಡು ಬಂದಳು. "ಮೊದಲು ಅರ್ಧ ತಗೊಂಡೆ ಅಕ್ಕ. ಓದಿದ್ದೆಲ್ಲ ಕಣ್ಣೆದುರಿಗೆ ನಿಂತುಬಿಡ್ತು. ಆಮೇಲೆ ಒಂದು ಬೇಕಾಯ್ತು, ಆಮೇಲೆ ಎರಡು. ಹಾಳೆ ಖಾಲಿಯಾದ ಮೇಲೆ ಊರಿಗೆ ಹೋಗಿ ಇನ್ನೊಂದು ತಂದೆ. ತಮ್ಮನಿಗೆ ಮಾತ್ರೆ ಸಾಲದೆ ಸ್ಕೂಲಿಂದ ಕಂಪ್ಲೇಂಟ್ ಬಂದಿದೆ, ಅಪ್ಪ ಅವನಿಗೇ ಹೊಡೆದರು." "ಈಗ ಬಿಟ್ಟರೂ ನಿದ್ದೆ ಬರಲ್ಲ. ಮೂರು ರಾತ್ರಿ ಆಯ್ತು ಮಲಗಿ. ನಿನ್ನೆನೂ ತಗೊಂಡಿದ್ದೀನಿ. ಕೊಡಿ ಅಕ್ಕ, ಇದೊಂದು ಸಲ."

ಹಾಲಮ್ಮನಿಗೆ ಸಿಟ್ಟು ಬಂತು. ಎಂಥ ಸಿಟ್ಟು ಅಂದರೆ, ಕೆನ್ನೆಗೊಂದು ಬಿಡಬೇಕು ಅನ್ನಿಸಿತು. ಆ ಸಿಟ್ಟು ಹುಡುಗಿಯ ಮೇಲೋ, ಮುಖ ನೋಡಿದರೆ ಗೊತ್ತಾಗುತ್ತೆ ಅಂದ ತನ್ನ ಮೇಲೋ, ಅವಳಿಗೇ ತಿಳಿಯಲಿಲ್ಲ. ಆದರೆ ಎದುರಿಗಿದ್ದವಳು ಇಪ್ಪತ್ತೊಂದು ವರ್ಷದ ಮಗು, ಕಣ್ಣ ಸುತ್ತ ಮಸಿ ಬಳಿದ ಹಾಗೆ ಕಪ್ಪು. ಸಿಟ್ಟು ತಾನಾಗಿ ಇಳಿಯಿತು.

ಮನೆಗೆ ಬಂದವರು ಹಗೆಯವರೇ ಇರಲಿ, ಕುಡಿಯಲು ಕೇಳಿದರೆ ಹಾಲಮ್ಮ ಇಲ್ಲ ಅಂದವಳಲ್ಲ. ಅವತ್ತು ಇಲ್ಲ ಅಂದಳು.

"ಕೊಡಲ್ಲ ಕಣವ್ವಾ. ಇವತ್ತು ಕೊಟ್ಟರೆ ನಾಳೆನೂ ನುಂಗ್ತೀಯ. ನಡಿ, ಪರೀಕ್ಷೆಗೆ ಮೊದಲೇ ಸಾರ್ ಹತ್ರ ಹೋಗಿ ಹೇಳೋಣ. ಅವರೇ ಬಾಯಿಬಿಟ್ಟು ಹೇಳಿದ್ದಾರಲ್ಲ, ಹೇಳಿದವರನ್ನ ಹೊರಗೆ ಹಾಕಲ್ಲ ಅಂತ."

"ಹೇಳಬಹುದು ಅಕ್ಕ. ಆದರೆ ನೀವು?" ಕವನಳ ಕಣ್ಣಲ್ಲಿ ಆಗ ನೀರು ಬಂತು. "ಬಲವಂತ ಮಾಡಿ ಕುಡಿಸಿದೆ ಅಂತ ಹೇಳಿದ್ದೀರಲ್ಲ. ನಾನು ನಿಜ ಹೇಳಿದರೆ ನೀವು ಹೇಳಿದ್ದು ಸುಳ್ಳಾಗುತ್ತೆ. ನಿಮ್ಮ ಕೆಲಸ ಹೋಗುತ್ತೆ."

ಅದನ್ನು ಹಾಲಮ್ಮ ಯೋಚಿಸಿಯೇ ಇರಲಿಲ್ಲ. ಕಮೋಡಿನ ಮುಚ್ಚಳದ ಮೇಲೆ ಕೂತುಬಿಟ್ಟಳು. ಹದಿನಾರು ವರ್ಷ. ಬೀರಪ್ಪನ ಲಗೇಜ್ ಆಟೋ ವಾರಕ್ಕೆ ಮೂರು ದಿನ ಓಡಿದರೆ ಹೆಚ್ಚು. ಹೊರಗಿನಿಂದ ಕರಿಯಣ್ಣ ಬಾಗಿಲು ತಟ್ಟಿ "ಆಯ್ತಾ ಹಾಲಮ್ಮ?" ಅಂದ. "ತಡಿಯೋ, ನಿನ್ನಪ್ಪನ ಗಂಟೇನೂ ಹೋಗಲ್ಲ" ಅಂತ ಕೂಗಿದಳು. ಕೂಗಿದ ಮೇಲೆ ಯಾಕೋ ಧೈರ್ಯ ಬಂತು. ಎದ್ದು ಸೆರಗು ಸಿಕ್ಕಿಸಿಕೊಂಡಳು.

"ನನ್ನ ಸುಳ್ಳು ನಾನು ನೋಡ್ಕೋತೀನಿ. ಅದು ನಿನ್ನ ತಲೆನೋವಲ್ಲ. ಬಾ."

ಲಕ್ಷ್ಮೀಕಾಂತರ ಕೋಣೆಯಲ್ಲಿ ಮೊದಲು ಹೇಳಿದವಳು ಹಾಲಮ್ಮನೇ. "ಸಾರ್, ನಿನ್ನೆ ನಾನು ಸುಳ್ಳು ಹೇಳಿದೆ. ಮೊದಲನೇ ಲೋಟ ನಾನು ಕೊಟ್ಟಿದ್ದು, ಉಳಿದ ನಾಲ್ಕು ಅವಳೇ ಕೇಳಿದ್ದು. ಇನ್ನು ಅವಳು ಏನೋ ಹೇಳ್ತಾಳೆ, ಕೇಳಿ. ನಡುವೆ ಬೈಬೇಡಿ." ಕವನ ಕುರ್ಚಿಯ ತುದಿಯಲ್ಲಿ ಕೂತು ಎಲ್ಲ ಹೇಳಿದಳು. ಊರು, ತಮ್ಮ, ಅರ್ಧ ಮಾತ್ರೆ, ಎರಡು ಮಾತ್ರೆ, ಅಪ್ಪ ತಮ್ಮನಿಗೆ ಹೊಡೆದದ್ದು. ಡಾಕ್ಟರು ನಡುವೆ ಬೈಯಲಿಲ್ಲ.

"ನಿನ್ನನ್ನ ಹೊರಗೆ ಹಾಕಲ್ಲ" ಅಂದರು ಕವನಳಿಗೆ. "ಇವತ್ತಿಂದಲೇ ಚಿಕಿತ್ಸೆ ಶುರು. ಈ ಸಲದ ಪರೀಕ್ಷೆ ಬರೆಯೋದು ಬೇಡ, ಮುಂದಿನ ಸಲ ಬರಿ. ಊರಿಗೆ ನಾನೇ ಫೋನ್ ಮಾಡ್ತೀನಿ, ತಮ್ಮನ ವಿಷಯನೂ ಹೇಳ್ತೀನಿ." ಆಮೇಲೆ ಹಾಲಮ್ಮನ ಕಡೆ ತಿರುಗಿದರು. "ನಿನ್ನೆ ಕಮಿಟಿ ಮುಂದೆ ಹೇಳಿದ ಮಾತು, ಹಾಲಮ್ಮ. ಎಲ್ಲ ಬರೆದಾಗಿದೆ. ತಿಂಗಳ ಕೊನೆಗೆ ಕಾಂಟ್ರಾಕ್ಟ್ ಮುಗಿಯುತ್ತಲ್ಲ, ಮುಂದುವರಿಸಿ ಅಂತ ಹೇಳೋಕೆ ನನಗೆ ಬಾಯಿ ಇಲ್ಲ."

"ಆಗಲಿ ಸಾರ್" ಅಂದಳು ಹಾಲಮ್ಮ.

ಡಾಕ್ಟರು ಇಬ್ಬರೂ ಹೇಳಿದ್ದನ್ನು ಎರಡು ಕಾಗದದಲ್ಲಿ ಬರೆದರು. ಒಂದಕ್ಕೆ ಹಾಲಮ್ಮ ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಇನ್ನೊಂದನ್ನು ಕವನಳ ಮುಂದೆ ತಳ್ಳಿದರು. ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೆ ತೋಳಿಟ್ಟು, ತೋಳಿನ ಮೇಲೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು ನಿದ್ದೆ ಹೋಗಿದ್ದಳು.

ಡಾಕ್ಟರು "ಏಯ್ ಕವನ" ಅನ್ನುತ್ತ ಕೈ ಚಾಚಿದರು.

"ಎಬ್ಬಿಸಬೇಡಿ!" ಅಂದಳು ಹಾಲಮ್ಮ. ಹದಿನಾರು ವರ್ಷದಲ್ಲಿ ಒಬ್ಬ ಡಾಕ್ಟರಿಗೆ ಅವಳು ಆ ದನಿಯಲ್ಲಿ ಹೇಳಿದ್ದು ಅದೇ ಮೊದಲು. ಹೆರಿಗೆಯಾದವಳು ಕಣ್ಣು ಮುಚ್ಚಿದಾಗ ನೆಂಟರಿಗೆ ಹೇಳುತ್ತಿದ್ದ ದನಿ ಅದು.

ಲಕ್ಷ್ಮೀಕಾಂತರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಸದ್ದಾಗದ ಹಾಗೆ ಎದ್ದು, ಫ್ಯಾನು ಸಣ್ಣಗೆ ಮಾಡಿ, ತಮ್ಮ ಫೈಲು ಎತ್ತಿಕೊಂಡು ಪಕ್ಕದ ಕೋಣೆಗೆ ಹೋದರು. ಹಾಲಮ್ಮ ಬಾಗಿಲ ಹೊರಗೆ ನೆಲದ ಮೇಲೆ ಕಾಲು ಚಾಚಿ ಕೂತಳು. ಕರಿಯಣ್ಣ ಬಂದ, ಯಾರೋ ಇಬ್ಬರು ಪ್ರೊಫೆಸರು ಬಂದರು, ಒಬ್ಬ ಜವಾನ ಕಾಫಿ ತಂದ. ಎಲ್ಲರನ್ನೂ ಬಾಯಿ ಮೇಲೆ ಬೆರಳಿಟ್ಟು ವಾಪಸ್ ಕಳಿಸಿದಳು. ಮಧ್ಯಾಹ್ನ ಊಟದ ಹೊತ್ತಾದರೂ ಹುಡುಗಿ ಏಳಲಿಲ್ಲ.