ಅತ್ತೆಯ ಫೋನಿನ ಹಾಡು

ನಮ್ಮ ಮನೆಯಲ್ಲಿ ಹಾಲು, ಹೂವು, ಪೇಪರು ಮೂರೂ ವರ್ತನೆಯವು. ತಿಂಗಳ ಮೊದಲ ವಾರ, ದಿನಾ ತಂದುಹಾಕುವ ಆ ಮೂವರೂ ಸರದಿಯಂತೆ ಬಂದು, ಜಗಲಿಯ ಮೇಲೆ ಕೂತು, ಮಧುಗಿರಿಯ ಬಿಸಿಲನ್ನು ಒಂದಿಷ್ಟು ಬೈದು, ನೀರು ಕುಡಿದು, ಆಮೇಲೆ ದುಡ್ಡು ಈಸಿಕೊಂಡು ಹೋಗುತ್ತಾರೆ. ನಾವು ಊರಲ್ಲಿಲ್ಲದ ನಾಲ್ಕು ದಿನದ್ದನ್ನು ಮುರಿದುಕೊಳ್ಳಿ ಎಂದರೆ ಮುಖ ಗಂಟು ಹಾಕಿಕೊಂಡಾದರೂ ಮುರಿದುಕೊಳ್ಳುತ್ತಾರೆ. ಫೋನಿನೊಳಗಿಂದ ಹೋಗುವ ದುಡ್ಡಿಗೆ ಈ ಮರ್ಯಾದೆ ಒಂದೂ ಇಲ್ಲ ನೋಡಿ. ಬೆಳಿಗ್ಗೆ ಒಲೆಯ ಮೇಲೆ ಎಸರಿಟ್ಟು ನಿಂತಿರುವಾಗ ಅದು ಟಿಣ್ ಎನ್ನುತ್ತದೆ, ಇಷ್ಟು ಹೋಯಿತು ಎನ್ನುತ್ತದೆ. ಯಾರಿಗೆ, ಯಾಕೆ ಎಂದು ಕೇಳೋಣವೆಂದರೆ ಬಾಗಿಲಲ್ಲಿ ಯಾರೂ ಇರುವುದಿಲ್ಲ.

ಮಗಳನ್ನು ತುಮಕೂರಿನ ಹಾಸ್ಟೆಲಿಗೆ ಸೇರಿಸಿದ ಮೇಲೆ ಈ ಟಿಣ್ ಶಬ್ದ ನನ್ನ ಕಿವಿಗೆ ಸ್ವಲ್ಪ ಜೋರಾಗಿಯೇ ಕೇಳತೊಡಗಿತು. ಒಂದು ಭಾನುವಾರ ಬ್ಯಾಂಕಿನ ಪಟ್ಟಿಯನ್ನು ಮುಂದೆ ಹರಡಿಕೊಂಡು ಕೂತೆ. ನಾನು ಪುರವರದ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಇಪ್ಪತ್ತೆಂಟು ದಿನಕ್ಕೊಮ್ಮೆ ರೀಚಾರ್ಜು ಮಾಡಿಸುವ ಮನೆಗೆ ವರ್ಷಕ್ಕೆ ಹದಿಮೂರು ತಿಂಗಳು ಎಂಬ ಸರಳ ಲೆಕ್ಕ ಅಷ್ಟು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲವೆಂದು ಹೇಳಿಕೊಳ್ಳಲು ಈಗಲೂ ಸಂಕೋಚ. ಸಿನಿಮಾ ತೋರಿಸುವ ಆಪುಗಳು ಮೂರಿದ್ದವು, ನಾವು ನೋಡುತ್ತಿದ್ದದ್ದು ಒಂದು. ಮಗಳು ಎಸ್ಸೆಸ್ಸೆಲ್ಸಿಗೆಂದು ಸೇರಿದ್ದ ಪಾಠದ ಆಪು ಅವಳು ಪಿಯುಸಿ ಮುಗಿಸಿದ ಮೇಲೂ ನಮ್ಮನ್ನು ಪಾಸು ಮಾಡಿರಲಿಲ್ಲ. ಯೋಗ ಕಲಿಸುವುದೊಂದಿತ್ತು, ಮಂಡಿನೋವಿಗೆಂದು ನಾನೇ ಸೇರಿ, ಮೂರು ದಿನ ಮಾಡಿ, ನಾಲ್ಕನೆಯ ದಿನ ಮಂಡಿನೋವೆಂದು ಬಿಟ್ಟದ್ದು. ಎಲ್ಲವನ್ನೂ ಕತ್ತರಿಸಿ ಹಾಕಿದೆ. ಸುಳ್ಳೇಕೆ ಹೇಳಲಿ, ಕಳೆ ಕಿತ್ತ ಹೊಲ ನೋಡಿದಷ್ಟು ಖುಷಿಯಾಯಿತು.

ಅದೇ ಉತ್ಸಾಹದಲ್ಲಿ ಅತ್ತೆಯ ಫೋನಿಗೂ ಕೈ ಹಾಕಿದೆ. ಅವರ ನಂಬರಿಗೆ ರೀಚಾರ್ಜು ಮಾಡುವಾಗ ಅಂಗಡಿಯವನು ಪ್ರತಿಸಲ ಇನ್ನಷ್ಟು ದುಡ್ಡು ಸೇರಿಸುತ್ತಿದ್ದ. ಯಾಕೆಂದು ವಿಚಾರಿಸಿದರೆ ಹಾಡಿಗೆ ಎಂದ. ಅತ್ತೆಗೆ ಯಾರೇ ಫೋನು ಮಾಡಿದರೂ ಮಾಡಿದವರ ಕಿವಿಗೆ ಟ್ರಿಣ್ ಟ್ರಿಣ್ ಬದಲು ಸುಬ್ರಹ್ಮಣ್ಯಸ್ವಾಮಿಯ ಭಕ್ತಿಗೀತೆಯೊಂದು ಕೇಳಿಸುತ್ತಿತ್ತು, ಅದಕ್ಕೆ.

"ಇದನ್ನ ಯಾರು ಹಾಕ್ಸಿದ್ದು ಅತ್ತೆ?" ಎಂದೆ.

"ನಂಗೇನ್ ಗೊತ್ತು ಕಣಮ್ಮ, ಯಾವ ಗುಂಡಿ ಒತ್ಬುಟ್ನೋ. ನಾನಂತೂ ಒಂದಿನಾನೂ ಕೇಳಿಲ್ಲ. ತೆಗ್ದಾಕು ಅತ್ಲಾಗೆ."

ದುಡ್ಡು ಕೊಡುವವರು ಕೇಳದ, ಕೇಳುವವರು ದುಡ್ಡು ಕೊಡದ ಹಾಡು. ಇಡೀ ಪಟ್ಟಿಯಲ್ಲಿ ಇದಕ್ಕಿಂತ ದಂಡದ ಖರ್ಚು ಇನ್ನೊಂದಿಲ್ಲವೆಂದು ತೀರ್ಮಾನಿಸಿ, ಒಂದು ಮಾರು ಕನಕಾಂಬರದ ಬೆಲೆಯೂ ಆಗದ ಆ ಉಳಿತಾಯವನ್ನೂ ಚೀಟಿಯಲ್ಲಿ ಬರೆದುಕೊಂಡೆ.

ಇಲ್ಲಿ ಅತ್ತೆಯ ತಮ್ಮನ ವಿಷಯ ಹೇಳಬೇಕು. ನಾಗಪ್ಪ ಮಾವ ಪಾವಗಡದಾಚೆಯ ನಾಗಲಮಡಿಕೆಯವರು. ಕಣ್ಣು ಮಂಜಾಗಿ ವರ್ಷಗಳಾದವು. ಅವರ ಗುಂಡಿ ಫೋನಿನಲ್ಲಿ ಎರಡನೇ ನಂಬರಿನ ಗುಂಡಿ ಒತ್ತಿ ಹಿಡಿದರೆ ಅಕ್ಕನಿಗೆ ಹೋಗುವಂತೆ ಯಾರೋ ಮಾಡಿಕೊಟ್ಟಿದ್ದಾರೆ. ಮಾತಿಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಅಕ್ಕತಮ್ಮಂದಿರು ಒಂದು ಪದ್ಧತಿ ಮಾಡಿಕೊಂಡಿದ್ದರು: ಮಧ್ಯಾಹ್ನ ಊಟವಾದ ಮೇಲೆ ತಮ್ಮ ಫೋನು ಮಾಡುವುದು, ಅಕ್ಕ ಎತ್ತದಿರುವುದು. ಇಬ್ಬರೂ ಚೆನ್ನಾಗಿದ್ದೇವೆ ಎಂದು ಅದರ ಅರ್ಥ. ಈಗ ಎಷ್ಟು ಮಾತಾಡಿದರೂ ಬೇರೆ ದುಡ್ಡಿಲ್ಲ, ಆದರೂ ಅವರು ಆ ಮಿಸ್ಡ್ ಕಾಲ್ ಬಿಟ್ಟಿರಲಿಲ್ಲ.

ಹಾಡು ತೆಗೆಸಿದ ಮೂರನೆಯ ದಿನ ಅತ್ತೆ, "ಯಾಕೋ ನಾಗ ಬಿರ್ನೆ ಕಟ್ ಮಾಡ್ಬುಡ್ತಾನೆ" ಎಂದರು. ನಾಲ್ಕನೆಯ ದಿನ ಫೋನು ಕೊನೆಯವರೆಗೂ ಹೊಡೆದುಕೊಂಡಿತು. "ಕಟ್ ಮಾಡದು ಮರ್ತು ಕುಂತವ್ನೆ" ಎಂದು ನಕ್ಕು ಅತ್ತೆ ಎಲೆಯಡಿಕೆ ಹಾಕಿಕೊಂಡರು. ನಾನೂ ನಕ್ಕೆ.

ಮರುದಿನ ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದೆ. ಗೇಟಿನ ಹತ್ತಿರ ಆಟೋ ನಿಂತಿತು. ನಾಗಪ್ಪ ಮಾವ ಇಳಿದರು. ಕಂಕುಳಲ್ಲಿ ಒಂದು ಬಟ್ಟೆ ಚೀಲ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಗೇಟು ಹಿಡಿದು ನಿಂತು, "ಯಾವಾಗಮ್ಮ ಆಗಿದ್ದು?" ಎಂದರು.

"ಏನು ಮಾವ ಆಗಿದ್ದು?"

ಅಷ್ಟರಲ್ಲಿ ಒಳಗಿಂದ ಅತ್ತೆ, "ನಾಗನ ದನಿ ಇದ್ದಂಗದೆ, ಯಾರದು?" ಎಂದು ಕೂಗಿದರು.

ಮಾವ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. "ಅಕ್ಕಾ, ಉನ್ನಾವಾ?" ಎಂದರು. ಎದೆ ತುಂಬಿ ಬಂದಾಗ ಅವರ ಬಾಯಿಗೆ ತೆಲುಗೇ ಬರುವುದು.

"ಇಲ್ದೆ ಎಲ್ಲಿಗೋಗ್ಲಾ? ಏನಾಯ್ತೋ ನಿಂಗೆ?" ಎನ್ನುತ್ತ ಅತ್ತೆ ಹೊರಗೆ ಬಂದರು.

"ಫೋನಾಗೆ ಸ್ವಾಮಿ ಪಾಟ ಬರ್ಲಿಲ್ಲ ಅಕ್ಕ. ರಾಂಗ್ ನಂಬರ್ ಅಂತ ಮೂರು ದಿನ ಕಟ್ ಮಾಡ್ದೆ. ಯಾರಾದ್ರೂ ಎತ್ತಲಿ ಅಂತ ನಿನ್ನೆ ಕೊನೆಗಂಟ ಬುಟ್ಟೆ, ಯಾರೂ ಎತ್ಲಿಲ್ಲ. ಹೋದೋರ ನಂಬರ್ನ ಬೇರೆಯೋರ್ಗೆ ಕೊಟ್ಬುಡ್ತಾರಂತಲ್ಲ, ಅಂಗೇ ಆಯ್ತೇನೋ ಅನ್ಕೊಂಡೆ."

"ಇವಳಿಗೊಂದು ಫೋನ್ ಮಾಡ್ಸಿ ಕೇಳದಲ್ವೇನ್ಲಾ?"

"ಆ ಮಾತ ಫೋನಲ್ಲಿ ಕೇಳಾಕೆ ಧೈರ್ಯ ಬರ್ಲಿಲ್ಲ."

ಅವರಿಗೆ ನಂಬರು ಕಾಣುತ್ತಿರಲಿಲ್ಲ, ಹೆಸರು ಕಾಣುತ್ತಿರಲಿಲ್ಲ. ಫೋನು ಅಕ್ಕನ ಮನೆಗೇ ಹೋಗಿದೆ ಎನ್ನಲು ಆ ಹಾಡೊಂದೇ ಗುರುತು. ಪಟ್ಟಿಯಲ್ಲಿ ಮೊತ್ತಗಳನ್ನೆಲ್ಲ ನೋಡಿದ್ದ ನಾನು, ಫೋನಿನ ಆ ತುದಿಯಲ್ಲಿ ಯಾರು ಕಿವಿಗೊಟ್ಟು ಕೂತಿರುತ್ತಾರೆ ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಪಕ್ಕಕ್ಕೆ ಹೋಗಿ ಅಂಗಡಿಯವನಿಗೆ ಫೋನು ಮಾಡಿ, ಅದೇ ಹಾಡನ್ನು ಇವತ್ತೇ ಮತ್ತೆ ಹಾಕು ಎಂದೆ.

ಹಿಂದಿರುಗಿದಾಗ ಮಾವ ಆ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸುತ್ತಿದ್ದರು, ಅತ್ತೆ ಕೈಚಾಚಿ ಎಳೆದುಕೊಳ್ಳುತ್ತಿದ್ದರು. ಒಳಗಿದ್ದದ್ದು ಒಂದು ಹೊಸ ಸೀರೆ. ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ಕೊನೆಯ ಸೀರೆ ತವರಿನಿಂದಲೇ ಬರಬೇಕು. ತವರಿನಲ್ಲಿ ಉಳಿದಿದ್ದವರು ಇವರೊಬ್ಬರೇ. ಅತ್ತೆಗೂ ಅರ್ಥವಾಯಿತು.

ಆಮೇಲೆ ಅತ್ತೆ ಸೀರೆಯ ಮಡಿಕೆ ಬಿಡಿಸಿ, ಅಂಚು ಉಜ್ಜಿ ನೋಡಿ, "ಎಷ್ಟು ಕೊಟ್ಟೆ?" ಎಂದರು.

"ಏಳ್ನೂರು. ಪಾವಗಡದಾಗೆ."

"ಥೂ, ಈ ಬಣ್ಣ ಯಾರ್ ಉಡ್ತಾರ್ಲಾ?"

"ನೀನು ನೋಡ್ತೀಯ ಅಂತ ಯಾರಿಗ್ ಗೊತ್ತಿತ್ತಕ್ಕ?" ಎಂದರು ಮಾವ, ಕಣ್ಣೊರೆಸಿಕೊಳ್ಳುತ್ತಾ.

ಅತ್ತೆ ಸೀರೆ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಅದನ್ನೇ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ತಮ್ಮನಿಗೆ ಮುದ್ದೆ ಬಡಿಸಿದರು.