ಒಂದು ಮೀಟರ್ ಕಳೆದಿದೆ

ಭೂಶಾಖ ಸಂಶೋಧನಾ ಕೇಂದ್ರದ ಸಂಬಳದ ಪಟ್ಟಿಯಲ್ಲಿ ಅವಳಿಗೊಂದು ಹೆಸರಿತ್ತು. ಜನರ ಬಾಯಲ್ಲಿ ಮಾತ್ರ ಅವಳು ತಂತಿಯಕ್ಕ. ಕೇಂದ್ರದ ಹಿತ್ತಲಿನಲ್ಲಿ ಐನೂರಹತ್ತು ಮೀಟರ್ ಆಳದ ಒಂದು ಕೊಳವೆ ಬಾವಿ. ವಾರಕ್ಕೆ ಎರಡು ದಿನ ಅದರ ಬಾಯಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಭೂಮಿಯ ಹೊಟ್ಟೆಯಲ್ಲಿ ಎಷ್ಟು ಬಿಸಿ ಇದೆ ಎಂದು ನೋಡಿ ಬರೆಯುವುದು ಅವಳ ಕೆಲಸ.

ಶಾಖ ಅಳೆಯುವ ಕಡ್ಡಿಯನ್ನು ಉದ್ದನೆಯ ತಂತಿಯ ತುದಿಗೆ ಕಟ್ಟಿ ಒಳಗೆ ಬಿಡುತ್ತಿದ್ದರು. ತಂತಿ ಸುತ್ತಿದ ರಾಟೆಯನ್ನು ಕೈಯಲ್ಲಿ ತಿರುಗಿಸುವವನಿಗೆ ರಾಟೆಯಣ್ಣ ಎಂದೇ ಹೆಸರು ಬಿದ್ದಿತ್ತು. ತಂತಿಯ ಮೇಲೆ ಹತ್ತು ಮೀಟರಿಗೊಂದರಂತೆ ಹಳದಿ ಬಣ್ಣದ ಗುರುತು. ಒಂದೊಂದು ಗುರುತು ಬಾವಿಯ ಬಾಯಿಗೆ ಬಂದಾಗಲೂ ಅವಳು ಕೈ ಎತ್ತುವಳು, ಅವನು ನಿಲ್ಲಿಸುವನು. ಕಡ್ಡಿಗೆ ಅಲ್ಲಿಯ ಬಿಸಿ ಹತ್ತಲು ಐದು ನಿಮಿಷ ಬೇಕು. ಆ ಐದು ನಿಮಿಷಕ್ಕೆ ಅವಳು ಗಡಿಯಾರ ನೋಡಿದವಳಲ್ಲ. ತುಟಿ ಅಲುಗದ ಹಾಗೆ ಮುನ್ನೂರು ಸಲ ದೇವರ ಹೆಸರು ಹೇಳಿಕೊಳ್ಳುವಳು, ಆಮೇಲೆ ತಂತಿಯ ಮೇಲ್ತುದಿಗೆ ಜೋಡಿಸಿದ ಡಬ್ಬಿಯ ಮುಳ್ಳು ನೋಡಿ ರಿಜಿಸ್ಟರಿನಲ್ಲಿ ಬರೆಯುವಳು. ಮುಳ್ಳು ಎರಡು ಗೆರೆಗಳ ನಡುವೆ ನಿಂತರೆ ನಡುವೆಯೇ ನಿಂತಿದೆ ಎಂದು ಬರೆಯುವವಳು ಅವಳು. "ಅಕ್ಕ, ಅತ್ತ ಸ್ವಲ್ಪ ತಳ್ಳಿ, ದೇವರೇನು ಬಂದು ನೋಡ್ತಾನಾ?" ಎಂದು ರಾಟೆಯಣ್ಣ ಚುಡಾಯಿಸಿದರೆ, "ಅವನು ಎಲ್ಲಿಗೋ ಹೋಗಿದ್ದರೆ ತಾನೇ ಬರೋದಕ್ಕೆ" ಎನ್ನುತ್ತಿದ್ದಳು.

ಆ ಬಾವಿಯ ಮೇಲೆ ಇಡೀ ಕೇಂದ್ರದ ಬದುಕು ನಿಂತಿತ್ತು. ನೆಲದಡಿಯ ಬಿಸಿಯಿಂದ ವಿದ್ಯುತ್ ತೆಗೆಯಬಹುದೇ ಎಂದು ಹುಡುಕುವುದಕ್ಕೆ ಸರ್ಕಾರ ಎರಡು ಹಂತದಲ್ಲಿ ಅನುದಾನ ಕೊಡುತ್ತೇನೆಂದಿತ್ತು. ಮೊದಲ ಹಂತಕ್ಕೆ ಈ ಬಾವಿ. ಐನೂರು ಮೀಟರ್ ಆಳದಲ್ಲಿ ಅರವತ್ತು ಡಿಗ್ರಿ ಸಿಕ್ಕರೆ ಎರಡನೆಯ ಹಂತ, ಎರಡು ಕಿಲೋಮೀಟರ್ ಆಳದ ಬಾವಿ. ಸಿಗದಿದ್ದರೆ ಅಲ್ಲಿಗೆ ಮುಗಿಯಿತು.

ಆರು ವರ್ಷ ಐನೂರರ ಗುರುತಿನಲ್ಲಿ ಮುಳ್ಳು ತೋರಿಸಿದ್ದು ಐವತ್ತೇಳು. ಬೇಸಿಗೆಗೂ ಅಷ್ಟೇ, ಚಳಿಗೂ ಅಷ್ಟೇ. ಕೊನೆಗೆ ಪತ್ರ ಬಂತು. ಎರಡನೆಯ ಹಂತ ಇಲ್ಲ, ಕೇಂದ್ರ ಮುಚ್ಚಿ, ಬಾವಿಗೆ ಸಿಮೆಂಟು ತುಂಬಿ. ಒಂಬತ್ತು ಜನರನ್ನು ಒಂಬತ್ತು ಕಡೆಗೆ ಹಾಕಿದರು. ಪತ್ರ ಓದಿದ ಮೇಡಂ, ಕೇಂದ್ರದ ಮುಖ್ಯಸ್ಥೆ, ಗೋಡೆಯ ಮೇಲಿದ್ದ ಎರಡನೆಯ ಬಾವಿಯ ನಕ್ಷೆಯನ್ನು ತಾವೇ ಬಿಚ್ಚಿ ಸುತ್ತಿಟ್ಟಿದ್ದರು. ತಂತಿಯಕ್ಕನಿಗೆ ಸಂಕಟವಾಗಿತ್ತು. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ನೆಮ್ಮದಿಯೂ ಇತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ, ಇನ್ನು ಅವನ ಇಚ್ಛೆ.

ಸಿಮೆಂಟಿನ ಲಾರಿ ಬರಬೇಕಾದ ದಿನ ಬೆಳಿಗ್ಗೆ ಉಗ್ರಾಣದ ಸಾಮಾನು ಒಪ್ಪಿಸುವ ಕೆಲಸವಿತ್ತು. ಹಳೆಯ ಸಾಮಾನಿನ ಗುರುತು ಹಿಡಿಯಲು ನಾಲ್ಕು ವರ್ಷದ ಹಿಂದೆ ನಿವೃತ್ತರಾದ ಉಗ್ರಾಣದ ಯಜಮಾನರನ್ನು ಕರೆಸಿದ್ದರು. ಮುಟ್ಟಿದ್ದಕ್ಕೆಲ್ಲ ಒಂದು ಚೀಟಿ ಕಟ್ಟುವ ಅಭ್ಯಾಸ ಇದ್ದದ್ದರಿಂದ ಅವರನ್ನು ಎಲ್ಲರೂ ಚೀಟಿಯಪ್ಪ ಎನ್ನುತ್ತಿದ್ದರು. ತಂತಿಯಕ್ಕ ಒಂದೊಂದೇ ಸಾಮಾನು ಎತ್ತಿ ತೋರಿಸುತ್ತಿದ್ದಳು, ಅವರು ಹೌದು, ಅಲ್ಲ ಎನ್ನುತ್ತಿದ್ದರು. ಹತ್ತು ಮೀಟರಿನ ಬಟ್ಟೆಯ ಟೇಪು ಎತ್ತಿದಾಗ ಅವರು ನಕ್ಕರು.

"ಇದಿನ್ನೂ ಬದುಕಿದೆಯಾ? ಎಂದೋ ಎಸೆದಿರ್ತೀರಿ ಅಂದ್ಕೊಂಡಿದ್ದೆ."

"ಎಸೆಯೋದಾ? ಬಾವಿ ತಂತಿಗೆ ಗುರುತು ಹಾಕಿದ್ದೇ ಇದರಲ್ಲಿ, ಯಜಮಾನ್ರೇ."

"ಓಹೋ. ಹತ್ತು ಅಂತ ಇರೋ ಕಡೆ ಒಂಬತ್ತು ಅಂತ ಹಿಡಿದಿರಿ ತಾನೆ? ಶುರುವಿನ ತುದೀಲಿ ಒಂದು ಮೀಟರ್ ಇಲಿ ತಿಂದಿತ್ತಲ್ಲ. ಉಳಿದ ತುದಿಗೆ ಉಂಗುರ ಹೊಲಿದೆ. ಮರೀಬೇಡಿ ಅಂತ ಚೀಟಿನೂ ಕಟ್ಟಿದ್ದೆ. ಒಂದು ಮೀಟರ್ ಕಳೆದಿದೆ ಅಂತ."

ತಂತಿಯಕ್ಕ ಟೇಪಿನ ತುದಿಯ ಉಂಗುರವನ್ನು ಹಿಡಿದು ನೋಡಿದಳು.

"ನೀವು ಕಳೆದು ಕೊಟ್ಟಿದ್ದೀರಿ ಅಂತ..."

"ನಾನೇನು ಕಳೀತೀನಮ್ಮ. ಇಲಿ ಕಳೀತು." ತಮ್ಮ ಮಾತಿಗೆ ತಾವೇ ನಗುತ್ತ ಅವರು ಪಕ್ಕದ ಬಕೆಟ್ಟಿನ ಕಡೆಗೆ ತಿರುಗಿದರು. ಅವರಿಗೆ ಅದು ಒಂದು ಹಳೆಯ ಟೇಪು, ಅಷ್ಟೇ.

ಆ ಚೀಟಿ ಅವಳಿಗೆ ಚೆನ್ನಾಗಿ ನೆನಪಿತ್ತು. ಆರು ವರ್ಷದ ಹಿಂದೆ, ಬಾವಿ ತೋಡಿದ ಮೊದಲ ದಿನವೇ ಕಡ್ಡಿ ತಳದ ಕೆಸರಿನಲ್ಲಿ ಸಿಕ್ಕಿಕೊಂಡು ತಂತಿ ಹರಿದಿತ್ತು. ಇನ್ನು ಮೇಲೆ ಯಾರೂ ತಳ ಮುಟ್ಟಕೂಡದು, ಐನೂರರ ಗುರುತಿಗೆ ನಿಲ್ಲಿಸಬೇಕು ಎಂದು ಅಂದೇ ಕಟ್ಟಪ್ಪಣೆಯಾಯಿತು. ಹೊಸ ತಂತಿ ಬಂತು, ಗುರುತಿಲ್ಲದ ತಂತಿ. ಉದ್ದ ಎಣಿಸುವ ಚಕ್ರ ಕೊಡಿಸಿ ಎಂದು ಮೇಡಂ ಮೂರು ಸಲ ಬರೆದರು. ಸಂಶೋಧನೆಯ ಲೆಕ್ಕಶೀರ್ಷಿಕೆಯಲ್ಲಿ ಚಕ್ರಕ್ಕೆ ಅವಕಾಶವಿಲ್ಲ ಎಂದು ಮೂರು ಸಲವೂ ಪತ್ರ ವಾಪಸು ಬಂತು. ಕೊನೆಗೆ ಉಗ್ರಾಣದ ಟೇಪೇ ಗತಿಯಾಯಿತು. ಅದರ ಅಂಕಿಗಳೆಲ್ಲ ಅಳಿಸಿಹೋಗಿ ಐದು ಮತ್ತು ಹತ್ತು ಮಾತ್ರ ಕೆಂಪಗೆ ಉಳಿದಿದ್ದವು. ಚೀಟಿ ಓದಿದ ಅವಳು ರಾಟೆಯಣ್ಣನಿಗೆ ಹೇಳಿದ್ದಳು, "ಯಜಮಾನ್ರು ಒಂದು ಕಳೆದೇ ಕೊಟ್ಟಿದ್ದಾರೆ. ನಾವು ಮತ್ತೆ ಕಳೆದರೆ ಎರಡು ಸಲ ಕಳೆದ ಹಾಗಾಗುತ್ತೆ. ಇದ್ದ ಹಾಗೇ ಅಳೆಯೋಣ." ರಸ್ತೆಯುದ್ದಕ್ಕೂ ತಂತಿ ಹಾಸಿ ಇಬ್ಬರೂ ಗುರುತು ಹಾಕಿದರು. ಆರುನೂರು ಮೀಟರಿನ ತಂತಿಗೆ ಅರವತ್ತು ಗುರುತು ಬರಬೇಕಿತ್ತು, ಅರವತ್ತಾರು ಬಂತು. "ಕಂಪನಿಯವರು ಧಾರಾಳಿಗಳು, ಕೊಸರು ಹಾಕಿದ್ದಾರೆ" ಎಂದು ರಾಟೆಯಣ್ಣ ನಕ್ಕಿದ್ದ. ಅವಳೂ ನಕ್ಕಿದ್ದಳು.

ಈಗ ಅವಳು ಟೇಪನ್ನು ಬೆಂಚಿನ ಮೇಲೆ ಹಾಸಿದಳು. ಒಂದು ಮೀಟರಿನ ಉಕ್ಕಿನ ಪಟ್ಟಿಯನ್ನು ಉಂಗುರದಿಂದ ಹಿಡಿದು ಕೆಂಪು ಐದರವರೆಗೆ ಇಡುತ್ತ ಹೋದಳು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಜಾಗವಿರಲಿಲ್ಲ.

ಹತ್ತು ಎಂದು ಬರೆದದ್ದೆಲ್ಲ ಒಂಬತ್ತು. ಐನೂರು ಎಂದು ಬರೆದದ್ದು ನಾನೂರೈವತ್ತು. ಕಡ್ಡಿ ಆರು ವರ್ಷದಲ್ಲಿ ಒಮ್ಮೆಯೂ ಐನೂರಕ್ಕೆ ಇಳಿದೇ ಇಲ್ಲ. ಅರವತ್ತು ಡಿಗ್ರಿ ಕೆಳಗೇ ಇದ್ದಿರಬಹುದು, ನಾನು ಮೇಲೆಯೇ ನಿಂತು ಇಲ್ಲ, ಇಲ್ಲ ಎಂದು ಬರೆಯುತ್ತಿದ್ದೆ.

ಮನೆ ಕೇಂದ್ರದ ಹಿಂದಿನ ಬೀದಿಯಲ್ಲೇ. ಮಧ್ಯಾಹ್ನ ಊಟಕ್ಕೆ ಹೋದವಳು ತಟ್ಟೆಯ ಮುಂದೆ ಸುಮ್ಮನೆ ಕೂತಳು. ಗಡಿಯಾರ ರಿಪೇರಿ ಮಾಡುವ ಗಂಡ ಬೀದಿಬದಿಯ ಕೋಣೆಯಲ್ಲಿ ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದ.

"ಏನ್ರೀ, ಒಂದು ಗಡಿಯಾರ ಆರು ವರ್ಷ ತಪ್ಪು ತೋರಿಸಿ, ಯಾರಿಗೂ ಗೊತ್ತಾಗದೆ ಇದ್ರೆ?"

"ಆರು ವರ್ಷ ಯಾರಿಗೂ ಗೊತ್ತಾಗಿಲ್ಲ ಅಂದ್ರೆ ಅದು ಗಡಿಯಾರ ಅಲ್ಲ ಕಣೇ, ಗೋಡೆಗೆ ಅಲಂಕಾರ."

ಅವಳು ಎಲ್ಲವನ್ನೂ ಹೇಳಿದಳು. ಅವನು ಕಣ್ಣಿನ ಗಾಜು ತೆಗೆದು ಮೇಜಿನ ಮೇಲಿಟ್ಟ.

"ಇನ್ನೆರಡು ಗಂಟೆಗೆ ಬಾವಿ ಮುಚ್ತಾರೆ. ಸೋಮವಾರದಿಂದ ನಿನಗೆ ನೀರಿನ ಕಚೇರೀಲಿ ಕುರ್ಚಿ ಇದೆ. ಈಗ ಬಾಯಿ ಬಿಟ್ರೆ, ಬಾಗಿಲು ಮುಚ್ಚೋ ದಿನವೇ ಟೇಪು ಮೊಟಕಾಯ್ತಂತೆ ಅಂತ ನಗ್ತಾರೆ. ನಂಬಿದ್ರೆ ಇನ್ನೂ ಕಷ್ಟ. ಆರು ವರ್ಷ ಏನು ಮಾಡ್ತಿದ್ದೆ ಅಂತ ಕೇಳ್ತಾರೆ."

"ನಾನೂ ಬೆಳಿಗ್ಗೆಯಿಂದ ಅದನ್ನೇ ಕೇಳ್ಕೋತಿದ್ದೀನಿ."

"ಸುಮ್ಮನಿದ್ರೆ ಯಾರಿಗೂ ಗೊತ್ತಾಗಲ್ಲ."

"ಒಂದೊಂದು ಸಾಲನ್ನೂ ದೇವರ ಹೆಸರು ಹೇಳಿ ಬರೆದಿದ್ದೀನಿ ಕಣ್ರೀ."

"ಹಾಗಿದ್ರೆ ಅವನು ಆವಾಗಲೇ ಒಂದು ಮಾತು ಹೇಳಬಾರದಿತ್ತಾ?"

ಅವಳು ತಟ್ಟೆ ಸರಿಸಿದಳು. "ಅರವತ್ತಾರು ಗುರುತು ಬಂದಾಗ ಹೇಳಿದ್ನಲ್ಲ. ನಾವು ನಕ್ಕುಬಿಟ್ವಿ" ಎಂದು ಕೈ ತೊಳೆಯಲು ಎದ್ದಳು.

ಅವಳು ಹೋಗುವಷ್ಟರಲ್ಲಿ ಲಾರಿ ಬಾವಿಯ ಹತ್ತಿರ ಹಿಮ್ಮುಖವಾಗಿ ಬಂದು ನಿಂತಿತ್ತು. ಅನುದಾನದ ಇಲಾಖೆಯ ಅಧಿಕಾರಿ, ಬಾವಿ ಮುಚ್ಚಿದ್ದನ್ನು ಕಣ್ಣಾರೆ ಕಂಡು ಸಹಿ ಹಾಕಲು ಬಂದವರು, ಕಡತ ಕಂಕುಳಲ್ಲಿ ಹಿಡಿದು ಮೇಡಂ ಜೊತೆ ನಿಂತಿದ್ದರು. ತಂತಿಯಕ್ಕ ಟೇಪನ್ನೂ ಉಕ್ಕಿನ ಪಟ್ಟಿಯನ್ನೂ ಅವರಿಬ್ಬರ ನಡುವೆ ನೆಲದ ಮೇಲೆ ಹಾಸಿ, ಇದ್ದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು.

ಮೇಡಂ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಮಂಡಿಯೂರಿ ತಾವೇ ಅಳೆದರು. ಮತ್ತೆ ಅಳೆದರು. ಏಳಲಿಲ್ಲ.

ಅಧಿಕಾರಿ ನಕ್ಕರು. "ಚೆನ್ನಾಗಿದೆಯಮ್ಮ. ಆರು ವರ್ಷ ಸರಿಯಿದ್ದ ಟೇಪು, ಸಿಮೆಂಟು ಬಂದ ದಿನ ಮೊಟಕಾಯ್ತು. ಉಂಗುರ ಇವತ್ತು ಹೊಲಿದದ್ದಲ್ಲ ಅಂತ ನಾನು ಹೇಗೆ ನಂಬಲಿ?"

"ಟೇಪು ನಂಬಬೇಡಿ ಸರ್. ಬಾವಿ ನಂಬಿ. ಬಾವಿ ತೋಡಿದವರು ಕೊಳವೆ ಎಣಿಸಿ ಐನೂರಹತ್ತು ಅಂತ ಬರೆದಿದ್ದಾರೆ, ಅದು ನಿಮ್ಮ ಕಡತದಲ್ಲೇ ಇದೆ. ಕಡ್ಡಿಯನ್ನ ತಳ ಮುಟ್ಟಿಸೋಣ. ನಮ್ಮ ಗುರುತು ಸರಿ ಇದ್ರೆ ಐವತ್ತೊಂದನೇ ಗುರುತು ದಾಟಬಾರದು. ದಾಟಿದ್ರೆ ನಾನು ಹೇಳಿದ್ದು ನಿಜ."

"ಕಡ್ಡಿ ಸಿಕ್ಕಿಕೊಂಡ್ರೆ?"

"ಹೇಗೂ ಸಿಮೆಂಟು ಹಾಕ್ತಿದ್ದೀರಲ್ಲ, ಸರ್" ಎಂದ ರಾಟೆಯಣ್ಣ. ಅವನಾಗಲೇ ರಾಟೆಯ ಹಿಡಿ ಹಿಡಿದಿದ್ದ.

ಗುರುತುಗಳು ಒಂದೊಂದೇ ಒಳಗೆ ಹೋದವು. ಅವಳು ಗಟ್ಟಿಯಾಗಿ ಎಣಿಸಿದಳು. ಲಾರಿಯವನೂ ಕೆಳಗಿಳಿದು ಬಂದು ನಿಂತ. ಐವತ್ತಕ್ಕೆ ರಾಟೆಯಣ್ಣನ ಕೈ ತಾನಾಗಿಯೇ ನಿಂತಿತು, ಆರು ವರ್ಷದ ಅಭ್ಯಾಸ. "ಬಿಡಿ" ಎಂದಳು. ಐವತ್ತೊಂದು. ತಂತಿ ಬಿಗಿಯಾಗಿಯೇ ಇತ್ತು. ಐವತ್ತೆರಡು. ಅಧಿಕಾರಿ ಕಡತವನ್ನು ಕಂಕುಳಿಂದ ತೆಗೆದು ಎದೆಗೆ ಹಿಡಿದುಕೊಂಡರು. ಐವತ್ತಮೂರು, ಐವತ್ತನಾಲ್ಕು. ಐವತ್ತೈದು. ಐವತ್ತಾರನೆಯ ಗುರುತು ಬಾವಿಯ ಬಾಯಿ ಮುಟ್ಟುವಾಗ ತಂತಿ ಸಡಿಲವಾಗಿ ಬಳುಕಿತು.

"ಒಂಬತ್ತೈವತ್ತಾರು ಐನೂರನಾಲ್ಕು" ಎಂದರು ಮೇಡಂ, ಯಾರಿಗೂ ಅಲ್ಲವೆಂಬಂತೆ. "ಉಳಿದ ಆರು ಮೀಟರ್ ಕೆಸರು."

ಮೆಲ್ಲಗೆ ನಾಲ್ಕು ಮೀಟರ್ ಮೇಲಕ್ಕೆತ್ತಿಸಿ, ಈ ಸಲ ಉಕ್ಕಿನ ಪಟ್ಟಿಯಲ್ಲೇ ಅಳೆಸಿ, ತಂತಿಯಕ್ಕ ಕೈ ಎತ್ತಿದಳು. "ನೀರು ಕಲಕಿದೆ. ಅರ್ಧ ಗಂಟೆ ಕಾಯಬೇಕು."

ಆ ಅರ್ಧ ಗಂಟೆಯಲ್ಲಿ ದೇವರ ಹೆಸರು ಹೇಳಲು ಅವಳಿಗೆ ನಾಲಿಗೆ ಬರಲಿಲ್ಲ. ಮೊದಲ ಸಲ ಅವಳು ಗಡಿಯಾರ ನೋಡುತ್ತ ಕೂತಳು. ಹೊತ್ತು ಮುಗಿದಾಗ ಡಬ್ಬಿಯನ್ನು ತಾನು ನೋಡದೆ ಅಧಿಕಾರಿಯ ಕಡೆಗೆ ತಿರುಗಿಸಿದಳು. ಅವರು ಬಗ್ಗಿ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಅರವತ್ತೂವರೆ."

ಯಾರ ಮುಖದಲ್ಲೂ ಸಂತೋಷವಿರಲಿಲ್ಲ. ಸಿಡಿಲು ಬಡಿದ ಮನೆಯಿಂದ ಹೊರಗೆ ಬಂದು ನಿಂತವರ ಹಾಗೆ ಎಲ್ಲರೂ ಆ ಬಾವಿಯನ್ನೇ ನೋಡುತ್ತಿದ್ದರು.

ಅಧಿಕಾರಿ ಕಡತ ಬಿಚ್ಚಿದರು. ಈಗ ಅವರ ದನಿಯಲ್ಲಿ ನಗುವಿರಲಿಲ್ಲ. "ಅನುದಾನ ಕೊಡೋದು ನನ್ನ ಕೈಲಿಲ್ಲ. ಈ ವರ್ಷದ್ದು ಬೇರೆ ಸಂಶೋಧನೆಗೆ ಹೋಗಿಯಾಗಿದೆ. ಮುಂದಿನ ಸಭೆವರೆಗೆ ಬಾವಿ ಮುಚ್ಚಬೇಡಿ ಅಂತ ಬರೀತೀನಿ, ಕಂಡದ್ದನ್ನ ಬರೀತೀನಿ. ಆರು ವರ್ಷದ ರಿಜಿಸ್ಟರು ತಪ್ಪು ಅನ್ನೋದನ್ನೂ ಬರೀಬೇಕಾಗುತ್ತೆ. ಕಾರಣ ಏನಂತ ಬರೀಲಿ? ಇಲಿ ಅಂತ ಬರೀಲಾ, ಉಗ್ರಾಣದ ಚೀಟಿ ಅಂತ ಬರೀಲಾ?"

"ಓದಿದವಳು ನಾನು. ಅರವತ್ತಾರು ಗುರುತು ಬಂದಾಗ ಕೇಳಬೇಕಿತ್ತು, ಕೇಳಲಿಲ್ಲ. ನನ್ನ ಹೆಸರೇ ಬರೀರಿ ಸರ್."

ಅವರು ಬರೆದರು. ಸಿಮೆಂಟಿನ ಲಾರಿ ತಿರುಗಿಕೊಂಡು ಹೋಯಿತು.

ಮೇಡಂ ಆಗ ಎದ್ದು ನಿಂತರು. ಸೀರೆಗೆ ಹತ್ತಿದ ಮಣ್ಣನ್ನೂ ಕೊಡವಲಿಲ್ಲ. "ಮೂರು ವರ್ಷ ಒಬ್ಬಳು ಹುಡುಗಿ ನಿಮ್ಮ ರಿಜಿಸ್ಟರಿನ ಅಂಕಿ ಇಟ್ಟುಕೊಂಡು ಪ್ರಬಂಧ ಬರೆದಳು, ಅಕ್ಕ. ಇಲ್ಲಿ ಬಿಸಿ ಇಲ್ಲ ಅಂತ. ಹೋದ ತಿಂಗಳು ಪದವಿ ಬಂತು ಅಂತ ನಿಮಗೇ ಮೊದಲು ಫೋನ್ ಮಾಡಿದ್ದಳು."

ತಂತಿಯಕ್ಕನಿಗೆ ಅದು ಹೊಳೆದೇ ಇರಲಿಲ್ಲ.

"ಏನು ಹೇಳಲಿ ಅವಳಿಗೆ?" ಎಂದರು ಮೇಡಂ.

"ನೀವು ಹೇಳಬೇಡಿ, ಮೇಡಂ. ನಾನು ಹೇಳ್ತೀನಿ."

ಒಳಗೆ ಹೋಗಿ ಫೋನಿನ ಮುಂದೆ ಕೂತಳು. ಎರಡು ಸಲ ಅಂಕಿ ತಪ್ಪಿತು. ಮೂರನೆಯ ಸಲ ಆ ಕಡೆಯಿಂದ "ಅಕ್ಕಾ, ಹೇಗಿದ್ದೀರಿ?" ಎಂಬ ಹಿಗ್ಗಿದ ದನಿ ಬಂತು.

"ಮಗಳೇ," ಎಂದಳು ತಂತಿಯಕ್ಕ, "ಕೂತ್ಕೊಂಡಿದ್ದೀಯಾ? ಇಲ್ಲ ಅಂದ್ರೆ ಒಂದು ಕಡೆ ಕೂತ್ಕೋ. ನಾನೊಂದು ತಪ್ಪು ಮಾಡಿದ್ದೀನಿ, ಅದು ನಿನ್ನ ಪುಸ್ತಕದ ತುಂಬ ಇದೆ."